ಮರಕ್ಕೆ ಉರುಳಾಗುವ ಹಗ್ಗ

ಬೆಂಗಳೂರಿನ ಯಲಹಂಕ, ಸಹಕಾರನಗರದ ಕಡೆ ಹಿತ್ತಲಲ್ಲಿ ಇನ್ನೂ ಮಾವೋ ಹಲಸೋ ಉಳಿಸಿಕೊಂಡ ಭಾಗ್ಯವಂತರು ಮಕ್ಕಳಿಗೆ ಮರದ ಮೇಲೊಂದು ಮನೆ ಕಟ್ಟಲು ಹೊರಟರೆ, ಸಾಮಾನಿನ ಪಟ್ಟಿಯಲ್ಲಿ ಮೊದಲು ಬರುವುದು ನೈಲಾನ್ ಹಗ್ಗ. ಬೋಲ್ಟ್ ಎಂದರೆ ಮುಖ ಸಿಂಡರಿಸುತ್ತಾರೆ: ‘ಪಾಪ, ಮರಕ್ಕೆ ನೋವಾಗಲ್ವಾ?’

ನೋವಿನ ಮಾತು ಹಾಗಿರಲಿ, ಮರ ಸಾಯುವುದು ಹಗ್ಗದಿಂದ.

ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಕಾಂಡ ವರ್ಷವರ್ಷವೂ ದಪ್ಪವಾಗುತ್ತದೆ, ಬಿಗಿದ ಹಗ್ಗ ಸಡಿಲವಾಗುವುದಿಲ್ಲ. ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಅದು ತೊಗಟೆಯೊಳಗೆ ಹೂತು ಆ ದಾರಿಯನ್ನೇ ಕಟ್ಟಿಹಾಕುತ್ತದೆ. ಅನುಮಾನವಿದ್ದವರು ರಸ್ತೆಬದಿಯ ಮರಗಳನ್ನು ನೋಡಲಿ: ಕೇಬಲ್ ತಂತಿಯೋ ತೆಗೆಯಲು ಮರೆತ ಟ್ರೀ ಗಾರ್ಡೋ ಕಚ್ಚಿದ ಜಾಗದ ಮೇಲ್ಗಡೆ ಕಾಂಡ ಊದಿಕೊಂಡಿರುತ್ತದೆ. ಕಡಿಯಲು ಪರವಾನಗಿ ಸಿಗದವರು ಕದ್ದು ಮರ ಕೊಲ್ಲುವುದೂ ಹೀಗೆಯೇ, ಸುತ್ತಲೂ ತೊಗಟೆ ಸುಲಿದು.

ಬೋಲ್ಟಿನ ಗಾಯ ಒಂದೇ ಕಡೆ. ಮರ ಅದರ ಸುತ್ತ ಒಳಗೋಡೆ ಕಟ್ಟಿ ಕೊಳೆ ಹರಡದಂತೆ ತಡೆಯುತ್ತದೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ 1970ರ ದಶಕದಲ್ಲೇ ತೋರಿಸಿಕೊಟ್ಟದ್ದು ಇದನ್ನೇ. ಅಡಿ ದಪ್ಪದ ಆರೋಗ್ಯವಂತ ಕಾಂಡ ಒಂದೂಕಾಲು ಇಂಚಿನ ಬೋಲ್ಟನ್ನು ಜೀರ್ಣಿಸಿಕೊಳ್ಳುತ್ತದೆ. ತೊಲೆಗೂ ತೊಗಟೆಗೂ ನಡುವೆ ಬೆಳೆಯಲು ಜಾಗ ಬಿಟ್ಟರಾಯಿತು. ಒತ್ತೊತ್ತಾಗಿ ಬಡಿದ ಮೊಳೆಗಳು ಮಾತ್ರ ಬೇಡ, ಗಾಯಗಳೆಲ್ಲ ಕೂಡಿಕೊಂಡು ದೊಡ್ಡ ಹುಣ್ಣಾಗುತ್ತವೆ.

‘ಬನ್ನೇರುಘಟ್ಟದ ಕಡೆ ಆನೆ ಕಾಯೋಕೆ ರೈತರು ಅಟ್ಟಣೆ ಕಟ್ಟೋದು ಹಗ್ಗದಲ್ಲೇ ಅಲ್ವಾ?’ ಇರಬಹುದು. ಆ ಅಟ್ಟಣೆಗೆ ಕೆಲಸವಿರುವುದು ರಾಗಿ ಕೊಯ್ಲಿನವರೆಗೆ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ನೆರಳು ಹರಡಿದ ಮಾತ್ರಕ್ಕೆ ಗುಲ್‌ಮೊಹರ್ ಗಟ್ಟಿಯಲ್ಲ. ಏಪ್ರಿಲ್-ಮೇ ಗಾಳಿಮಳೆಗೆ ಅದರ ಕೊಂಬೆ ಸುಲಭವಾಗಿ ಮುರಿಯುತ್ತದೆ. ಗುಜರಿಯ ಹಳೇ ರೈಲ್ವೆ ಸ್ಲೀಪರ್ ಮರ ಕೊಳೆಯದಂತೆ ಹಾಕುವ ಕ್ರಿಯೋಸೋಟ್ ಎಣ್ಣೆ ಕುಡಿದಿದ್ದರೆ ಮಕ್ಕಳು ಮುಟ್ಟುವ ವಸ್ತುವಲ್ಲ. ಆ ಎಣ್ಣೆ ಕ್ಯಾನ್ಸರ್‌ಕಾರಕ ಇರಬಹುದಾದ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಪ್ಲೈವುಡ್ಡಿನ ಮೇಲೆ ‘ವಾಟರ್‌ಪ್ರೂಫ್’ ಸ್ಟಿಕ್ಕರ್ ಇದ್ದರೆ ಸಾಲದು, ಐಎಸ್ 710 ಮುದ್ರೆ ಬೇಕು. ಕಟಕಟೆಯ ಸಂದು ಮೂರೂವರೆ ಇಂಚು ದಾಟಿದರೆ ಪುಟ್ಟ ಮಗುವಿನ ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ.

ಯಶವಂತಪುರದ ಪಕ್ಕ, ಮಲ್ಲೇಶ್ವರದ 18ನೇ ಕ್ರಾಸಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ. ಹೆಬ್ಬಾಳ ದಾಟಿದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ. ಆದರೂ ಜನ ನಂಬುವುದು ವಾಟ್ಸ್‌ಆ್ಯಪ್ಪಿನಲ್ಲಿ ಬಂದದ್ದನ್ನು. ಮರದ ಮನೆಯ ಬಾಗಿಲು ಈಶಾನ್ಯಕ್ಕಿರಬೇಕೇ ಎಂದು ವಾಸ್ತು ಕೇಳುವವರೂ ಇದ್ದಾರೆ. ಕೊಂಬೆ ಎಷ್ಟು ಭಾರ ತಾಳುತ್ತದೆ ಎಂದು ಅವರನ್ನೇ ಕೇಳಿದರೆ, ‘ಅದನ್ನೆಲ್ಲ ಬಡಗಿ ನೋಡ್ಕೋತಾನೆ ಬಿಡಿ.’