ಸೈಕಲ್ ಸವಾರರನ್ನು ಕಾಯುವುದು ಹೆಲ್ಮೆಟ್ಟೋ, ರಸ್ತೆಯೋ?

ಮಕ್ಕಳು "ನಾಳೆಯಿಂದ ಶಾಲೆಗೆ ಸೈಕಲ್‌ನಲ್ಲೇ ಹೋಗ್ತೀನಿ" ಅಂದ ಕೂಡಲೇ ನಮ್ಮ ಮನೆಗಳಲ್ಲಿ ಬರುವ ಮಾತು ಎರಡೇ: ಹೆಲ್ಮೆಟ್ ಹಾಕ್ಕೋ, ಹುಷಾರಾಗಿ ಹೋಗು. ಎರಡೂ ಬೇಕಾದ ಮಾತೇ. ಆದರೆ ಮಗು ಎಷ್ಟೇ ಹುಷಾರಾಗಿದ್ದರೂ ಎದುರಿನ ಕಾರು ಎಲ್ಲಿ ನಿಲ್ಲುತ್ತೆ ಅನ್ನೋದು ಮಗುವಿನ ಕೈಯಲ್ಲಿಲ್ಲ. ಅದನ್ನು ತೀರ್ಮಾನಿಸೋದು ವೇಗ ಮತ್ತು ರಸ್ತೆಯ ಆಕಾರ. ಈ ಸಂಚಿಕೆಯಲ್ಲಿ ಅದನ್ನೇ ನೋಡೋಣ.

ಮೊದಲು ಒಂದು ಚಿಕ್ಕ ಲೆಕ್ಕ. ಗಂಟೆಗೆ 50 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 14 ಮೀಟರ್. 30 ಕಿ.ಮೀ. ಅಂದ್ರೆ 8 ಮೀಟರ್ ಚಿಲ್ಲರೆ. ಅಡ್ಡ ಬಂದ ಸೈಕಲ್ ಕಣ್ಣಿಗೆ ಬಿದ್ದು ಕಾಲು ಬ್ರೇಕ್ ಒತ್ತೋಕೆ 1 ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳೋಣ. ಒಣಗಿದ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೆ 30ರಲ್ಲಿರುವ ಕಾರು ಅಲ್ಲಿಂದ 5 ಮೀಟರ್‌ನಲ್ಲಿ ನಿಂತುಬಿಡುತ್ತೆ. ಒಟ್ಟು 13 ಮೀಟರ್ ಚಿಲ್ಲರೆ. 50ರಲ್ಲಿರುವ ಕಾರು ಅದೇ ಜಾಗಕ್ಕೆ ಬಂದಾಗ ಚಾಲಕರ ಕಾಲು ಇನ್ನೂ ಬ್ರೇಕ್ ಮುಟ್ಟಿರೋದೇ ಇಲ್ಲ! ಜೊತೆಗೆ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದರ ಹೊಡೆತದ ಶಕ್ತಿ ಸುಮಾರು 2.8 ಪಟ್ಟು. ಜರ್ಮನಿಯ ವಸತಿ ಬೀದಿಗಳಲ್ಲಿ ಕಾಣುವ 'ಟೆಂಪೋ 30' ಫಲಕದ ಹಿಂದಿರುವ ಭೌತಶಾಸ್ತ್ರ ಇಷ್ಟೇ.

ಎಲ್ಲ ರಸ್ತೆಗಳಲ್ಲೂ 30 ಸಾಧ್ಯವಾ? ಮುಖ್ಯ ರಸ್ತೆಗಳಲ್ಲಿ ಕಷ್ಟ. ಅಲ್ಲಿ ಸೈಕಲ್‌ಗೆ ಬೇರೆಯದೇ ದಾರಿ ಬೇಕು. ಬಿಳಿ ಗೆರೆ ಎಳೆದರೆ ಸಾಲದು. ಬಣ್ಣ ಯಾವ ಚಕ್ರವನ್ನೂ ತಡೆಯಲ್ಲ, ಎತ್ತರದ ಕಲ್ಲಂಚು ತಡೆಯುತ್ತೆ.

ಇನ್ನು ಹೆಚ್ಚಿನ ಅಪಾಯ ಕಾದಿರೋದು ಕೂಡುರಸ್ತೆಯಲ್ಲಿ. ನೇರ ಹೋಗುವ ಸೈಕಲ್ ಪಕ್ಕದಲ್ಲಿದೆ, ಲಾರಿ ಬಲಕ್ಕೆ ತಿರುಗುತ್ತೆ. (ನಮ್ಮೂರಲ್ಲಾದರೆ, ಬ್ರಿಟನ್‌ನಲ್ಲಾದರೆ ಎಡಕ್ಕೆ.) ಆ ಕ್ಷಣದಲ್ಲಿ ಸೈಕಲ್ ಇರೋದು ಚಾಲಕರ ಕಣ್ಣಿಗೆ ಕಾಣದ ಮೂಲೆಯಲ್ಲಿ. ಡಚ್ಚರು ಇದಕ್ಕೆ ಮಾಡಿದ ಉಪಾಯ ತುಂಬ ಸರಳ. ಮೂಲೆಯಲ್ಲಿ ದ್ವೀಪದಂಥ ಒಂದು ಕಟ್ಟೆ ಕಟ್ಟಿ, ಸೈಕಲ್ ರಸ್ತೆ ದಾಟುವ ಜಾಗವನ್ನು ಸುಮಾರು ಒಂದು ಕಾರಿನಷ್ಟು ಉದ್ದ ಹಿಂದಕ್ಕೆ ಸರಿಸಿದರು. ಕಟ್ಟೆ ಸುತ್ತಿ ಬರಬೇಕಾದ್ದರಿಂದ ವಾಹನದ ವೇಗ ತಾನಾಗಿ ಇಳಿಯುತ್ತೆ. ಅದು ಪೂರ್ತಿ ತಿರುಗಿದ ಮೇಲೆ ಸೈಕಲ್ ಎದುರಾಗುತ್ತೆ. ಅಂದರೆ ಕನ್ನಡಿಯಲ್ಲಿ ಹುಡುಕಬೇಕಾಗಿದ್ದ ಸವಾರರು ಈಗ ಮುಂದಿನ ಗಾಜಿನಲ್ಲೇ ಕಾಣ್ತಾರೆ.

"ಅದು ಹಾಲೆಂಡ್ ಬಿಡಿ, ಅವರ ಸಂಸ್ಕೃತಿಯೇ ಹಾಗೆ" ಅನ್ನೋರಿದ್ದಾರೆ. ಇತಿಹಾಸ ಹಾಗೆ ಹೇಳಲ್ಲ. ಎರಡನೇ ಮಹಾಯುದ್ಧದ ನಂತರ ಅಲ್ಲೂ ಕಾರುಗಳಿಗಾಗಿ ಊರುಗಳನ್ನು ಅಗೆದರು. 1971ರ ಒಂದೇ ವರ್ಷದಲ್ಲಿ ರಸ್ತೆಯಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ 1972ರಲ್ಲಿ 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಅರ್ಥದ ತಲೆಬರಹದಲ್ಲಿ ಲೇಖನ ಬರೆದರು. ಅದೇ ಹೆಸರಿನ ಚಳವಳಿಯಲ್ಲಿ ತಂದೆತಾಯಿಯರು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟು, ಕಾರಿಲ್ಲದ ಭಾನುವಾರಗಳು ಆ ಕೂಗಿಗೆ ಬಲ ಕೊಟ್ಟವು. ಈಗ ಅಲ್ಲಿ ರಸ್ತೆ ಸಾವುಗಳು ವರ್ಷಕ್ಕೆ 700ರ ಆಸುಪಾಸು. ಸೀಟ್‌ಬೆಲ್ಟ್, ಗಟ್ಟಿ ಕಾರು, ಒಳ್ಳೆಯ ಚಿಕಿತ್ಸೆಗಳ ಪಾಲೂ ಇದರಲ್ಲಿದೆ. ಆದರೂ ಮಕ್ಕಳು ಒಬ್ಬೊಬ್ಬರೇ ಸೈಕಲ್ ತುಳಿದು ಶಾಲೆಗೆ ಹೋಗುವ ಧೈರ್ಯ ಕೊಟ್ಟಿದ್ದು ರಸ್ತೆಗಳೇ.

ಹಾಗಾದ್ರೆ ನಾವೇನು ಮಾಡಬಹುದು? ಈ ವಾರ ಮಗುವಿನ ಶಾಲೆಯ ದಾರಿಯಲ್ಲಿ ಒಮ್ಮೆ ನೀವೇ ಸೈಕಲ್ ತುಳಿದು ನೋಡಿ. ಎದೆ ಝಲ್ ಎನ್ನುವ ಕೂಡುರಸ್ತೆ ಒಂದಾದರೂ ಸಿಕ್ಕೇ ಸಿಗುತ್ತೆ. ಅದರ ಫೋಟೋ ತೆಗೆದು, ಏನು ತೊಂದರೆ ಅಂತ ಎರಡು ಸಾಲು ಬರೆದು ನಗರಸಭೆಗೆ ಕಳಿಸಿ. ಇದನ್ನು ಮಾಡೋಕೆ ಆ ದೇಶದ ಪೌರತ್ವ ಬೇಕಿಲ್ಲ, ಅದೇ ಬೀದಿಯಲ್ಲಿ ಬದುಕುತ್ತಿದ್ದರೆ ಸಾಕು. ಹೆಲ್ಮೆಟ್ ಮಗುವಿನ ತಲೆ ಮೇಲಿರಲಿ. ರಸ್ತೆಯ ಹೊಣೆ ದೊಡ್ಡವರ ತಲೆ ಮೇಲಿರಲಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.