ಬೀಗಗಳ ಬಿಕ್ಕಟ್ಟು

ಗಣಕಯಂತ್ರದ ಒಂದೇ ಪ್ರೋಗ್ರಾಮಿನಲ್ಲಿ ಹಲವು ಎಳೆಗಳು, ಅಂದರೆ ಥ್ರೆಡ್‌ಗಳು, ಏಕಕಾಲದಲ್ಲಿ ದುಡಿಯುವುದುಂಟು. ಹಂಚಿಕೊಂಡ ಮಾಹಿತಿಯು ಕೆಡದಂತೆ ಪ್ರತಿಯೊಂದು ಎಳೆಯೂ ಅದಕ್ಕೆ ಬೀಗ ಹಾಕಿ, ಕೆಲಸ ಮುಗಿದೊಡನೆ ತೆರೆಯುತ್ತದೆ. ಒಂದು ಎಳೆ ‘ಕ’ ಬೀಗವನ್ನು ಹಿಡಿದು ‘ಚ’ ಬೀಗಕ್ಕಾಗಿ, ಇನ್ನೊಂದು ‘ಚ’ವನ್ನು ಹಿಡಿದು ‘ಕ’ಕ್ಕಾಗಿ ಕಾದರೆ ಗತಿಯೇನು? ಎರಡೂ ಸ್ತಬ್ಧ!

ಇಂತಹ ಗಳಿಗೆ ಒದಗುವುದು ವಿರಳ. ಆದುದರಿಂದ ಪರೀಕ್ಷೆಯಲ್ಲಿ ಗೆದ್ದ ಪ್ರೋಗ್ರಾಮೂ ಬಳಕೆಯಲ್ಲಿ ನಿಂತುಬಿಡಬಹುದು. ಆದರೆ ಅನಾಹುತವಾಗುವವರೆಗೆ ಕಾಯಬೇಕಿಲ್ಲ. ಯಾವ ಬೀಗವನ್ನು ಹಿಡಿದಿರುವಾಗ ಯಾವುದನ್ನು ಕೇಳಲಾಯಿತೆಂಬುದನ್ನು ಬಾಣದ ಗುರುತಿನಿಂದ ಬರೆಯುತ್ತ ಹೋಗೋಣ. ಬಾಣಗಳು ಹೊರಟಲ್ಲಿಗೇ ಮರಳಿ ಚಕ್ರವಾದರೆ ಅಪಾಯವು ಅಡಗಿರಬಹುದೆಂದು ತಿಳಿಯಬೇಕು. 2006ರಲ್ಲಿ ಲಿನಕ್ಸ್‌ಗೆ ಸೇರಿದ ‘ಲಾಕ್‌ಡೆಪ್’ ಈ ತತ್ತ್ವವನ್ನೇ ಅನುಸರಿಸುತ್ತದೆ. ಎಲ್ಲ ಎಳೆಗಳೂ ಬೀಗಗಳನ್ನು ಒಂದೇ ಕ್ರಮದಲ್ಲಿ ಹಿಡಿದರೆ ಚಕ್ರವೇ ಹುಟ್ಟದು.