ಅರ್ಬುದ ರೋಗದ (ಕ್ಯಾನ್ಸರ್) ಕಾರಣಗಳ ಬಗ್ಗೆ ಇರುವ ಆಧಾರರಹಿತ ನಂಬಿಕೆಗಳು: ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಬದಲಿ ಚಿಕಿತ್ಸೆಗಳ ಹಿಂದೆ ರೋಗವು ಇಂತಹ ಕಾರಣದಿಂದ ಬಂತೆಂಬ ನಂಬಿಕೆಯೊಂದು ಸಾಮಾನ್ಯವಾಗಿ ಇರುತ್ತದೆ. ರಕ್ತ ಕೆಟ್ಟಿದೆ ಎಂದಲ್ಲಿ ಕಷಾಯ, ನಂಜು ಎಂದಲ್ಲಿ ಪಥ್ಯ, ನಾಗದೋಷ ಎಂದಲ್ಲಿ ಪರಿಹಾರ ಪೂಜೆ ಸೂಚಿಸಲಾಗುತ್ತದೆ. ಪೂಜೆ ಅವರವರ ಶ್ರದ್ಧೆಗೆ ಬಿಟ್ಟದ್ದು. ಅದರಿಂದ ಆಸ್ಪತ್ರೆಯ ಚಿಕಿತ್ಸೆಗೆ ಅಡ್ಡಿಯಿಲ್ಲ. ಆದರೆ ಹೇಳಲಾದ ಕಾರಣವೇ ರುಜುವಾತಾಗದಿದ್ದಲ್ಲಿ ಅದನ್ನು ನಂಬಿ ಚಿಕಿತ್ಸೆಯನ್ನು ಮುಂದೂಡುವುದು ಅಪಾಯಕಾರಿ.

ಗಡ್ಡೆಗೆ ಸೂಜಿ ಅಥವಾ ಕತ್ತಿ ತಗಲಿದರೆ ರೋಗ ಹರಡುತ್ತದೆ ಎಂಬ ನಂಬಿಕೆ ಎಲ್ಲಕ್ಕಿಂತ ಹೆಚ್ಚು ಹಾನಿಕರ. ತಡವಾಗಿ ಬಂದ ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲೇ ರೋಗ ಹರಡಿರುತ್ತದೆ. ಅದು ನಂತರ ತಿಳಿದುಬಂದಾಗ ಕತ್ತಿಯ ಮೇಲೆ ದೋಷ ಬರುತ್ತದೆ. ಸೂಜಿ ಹಾದ ದಾರಿಯಲ್ಲಿ ಕೋಶಗಳು ಹರಡುವುದು ಕೆಲವು ಬಗೆಯ ಗಡ್ಡೆಗಳಲ್ಲಿ ಮಾತ್ರ, ಅದೂ ಬಲು ವಿರಳ. ಬಯಾಪ್ಸಿ ವರದಿಯಿಲ್ಲದೆ ಬಹುತೇಕ ಗಡ್ಡೆಗಳಿಗೆ ಸೂಕ್ತ ಚಿಕಿತ್ಸೆ ನಿರ್ಧರಿಸಲಾಗದು.

ಸಕ್ಕರೆಯೇ ಕ್ಯಾನ್ಸರಿನ ಆಹಾರ ಎಂಬ ಮಾತಿಗೆ ಮೂಲವಿದೆ. ಜರ್ಮನಿಯ ವಿಜ್ಞಾನಿ ಓಟೋ ವಾರ್‌ಬರ್ಗ್ ಅವರು 1920ರ ದಶಕದಲ್ಲಿ ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಹೆಚ್ಚಾಗಿ ಬಳಸುವುದನ್ನು ಗುರುತಿಸಿದರು. ಆದರೆ ಸಕ್ಕರೆ, ಅನ್ನ ಬಿಟ್ಟರೂ ಯಕೃತ್ತು ಗ್ಲೂಕೋಸನ್ನು ತಯಾರಿಸುತ್ತದೆ. ಗಡ್ಡೆ ಉಪವಾಸ ಬೀಳುವುದಿಲ್ಲ, ರೋಗಿ ಕೃಶನಾಗುತ್ತಾನೆ. ದೇಹದ ಆಮ್ಲೀಯತೆಯೇ ಕಾರಣವೆಂದು ಅಡುಗೆ ಸೋಡಾ ಕುಡಿಯುವುದೂ ನಿರರ್ಥಕ; ರಕ್ತದ ಪಿಎಚ್ ಪ್ರಮಾಣವನ್ನು ಶ್ವಾಸಕೋಶ ಮತ್ತು ಮೂತ್ರಪಿಂಡಗಳು 7.35ರಿಂದ 7.45ರೊಳಗೆ ಕಾಯ್ದುಕೊಳ್ಳುತ್ತವೆ. ಲಕ್ಷ್ಮಣಫಲದ ಸಾರವು ಪ್ರಯೋಗಾಲಯದಲ್ಲಿ ಕೋಶಗಳನ್ನು ಕೊಂದಿರುವುದು ನಿಜ, ರೋಗಿಗಳಲ್ಲಿ ರೋಗ ಗುಣವಾದುದು ಸಿದ್ಧವಾಗಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ರುಜುವಾತಾದ ಕಾರಣವೊಂದು ಎಲೆಡಿಕೆಯ ತಟ್ಟೆಯಲ್ಲಿಯೇ ಇದ್ದರೂ ಅದರ ಬಗ್ಗೆ ಯಾರಿಗೂ ಅಷ್ಟು ಆತಂಕವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರಿಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಅಡಿಕೆ ಬೆಳೆಯುವ ಪ್ರದೇಶಕ್ಕೆ ಇದು ಅಪ್ರಿಯ ಸಂಗತಿಯಾದರೂ ತಿಳಿದಿರಬೇಕಾದುದು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬದಲಿ ಚಿಕಿತ್ಸೆಯನ್ನು ಮಾತ್ರ ಆಯ್ದುಕೊಂಡ ರೋಗಿಗಳಲ್ಲಿ ಸಾವಿನ ಸಂಭವ ಸುಮಾರು ಎರಡೂವರೆ ಪಟ್ಟು, ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಅಧಿಕವಾಗಿತ್ತು.

ಕ್ಯಾನ್ಸರ್ ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದು ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ, 1954ರನ್ವಯ ನಿಷಿದ್ಧವಾಗಿರುತ್ತದೆ.

30 ವರ್ಷ ಮೇಲ್ಪಟ್ಟವರು ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಬಗ್ಗೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸತಕ್ಕದ್ದು. ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಸ್ತನದಲ್ಲಿ ಗಂಟು, ಮುಟ್ಟು ನಿಂತ ನಂತರದ ರಕ್ತಸ್ರಾವ ಕಂಡುಬಂದಲ್ಲಿ ವಿಳಂಬ ಸಲ್ಲದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ ವಾರ್ಷಿಕ 1.5 ಲಕ್ಷ ರೂ.ವರೆಗೆ ನೆರವು ದೊರೆಯುತ್ತದೆ. ಅರ್ಜಿದಾರರು ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹಾಜರಾಗತಕ್ಕದ್ದು. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ನೋಂದಾಯಿತ ಆಸ್ಪತ್ರೆಗೆ ಶಿಫಾರಸು ಪತ್ರ ನೀಡಲಾಗುವುದು. ಕಷಾಯ ಅಥವಾ ನಾಟಿ ಔಷಧ ಸೇವಿಸುತ್ತಿರುವವರು ಅದನ್ನು ವೈದ್ಯರಿಂದ ಮರೆಮಾಚದೆ ತಿಳಿಸುವುದು.